ನಮ್ಮ ಕಲ್ಲಿಗೆ ಮೂಳೆಗಿಂತ ವಯಸ್ಸು ಜಾಸ್ತಿ

ನಂಜನಗೂಡು, ತಿ. ನರಸೀಪುರ, ಈ ಎರಡು ತಾಲ್ಲೂಕಿನಲ್ಲಿ ಎಷ್ಟೇ ಆಳ ಅಗೆದರೂ ಡೈನೋಸಾರ್ ಮೂಳೆ ಸಿಗುವುದಿಲ್ಲ. ಬೋರ್‌ವೆಲ್ ಲಾರಿಯವರು ಸಾವಿರ ಅಡಿ ಇಳಿಸಿದರೂ ಸಿಗುವುದಿಲ್ಲ. ರಾಕ್ಷಸನ ಮೂಳೆಯಂತೂ ಇಲ್ಲವೇ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇವೆ, ಯಾಕೆಂದರೆ ಇತ್ತೀಚೆಗೆ ನಮ್ಮ ಕಡೆಯ ಮೂರ್ನಾಲ್ಕು ವಾಟ್ಸಾಪ್ ಗುಂಪುಗಳಲ್ಲಿ ಒಂದು ಫೋಟೊ ಓಡಾಡಿತು. ದೊಡ್ಡ ಗುಂಡಿ, ಅದರಲ್ಲಿ ಮಲಗಿದ ಭಾರಿ ಮನುಷ್ಯನ ಅಸ್ಥಿಪಂಜರ, ತಲೆಬುರುಡೆಯ ಪಕ್ಕ ಇರುವೆಯಷ್ಟು ಚಿಕ್ಕದಾಗಿ ಕಾಣುವ ಕೂಲಿಯಾಳು. ಕೆಳಗೆ ಬರೆದಿತ್ತು: ಸಂಗಮದ ಹತ್ತಿರ ಮರಳು ತೆಗೆಯುವಾಗ ಸಿಕ್ಕ ಘಟೋತ್ಕಚನ ಮೂಳೆ, ಸರ್ಕಾರ ಮುಚ್ಚಿಡುತ್ತಿದೆ, ಹತ್ತು ಜನಕ್ಕೆ ಕಳಿಸಿ.

ನಾವು ಮೂವರು ಪತ್ರಿಕೋದ್ಯಮ ಓದಿ ಊರಿನಲ್ಲೇ ಉಳಿದವರು. ಇಂಥದ್ದು ಬಂದರೆ ಊರಿನವರು ನಮ್ಮನ್ನೇ ಕೇಳುತ್ತಾರೆ. ಈ ಫೋಟೊದ ಜಾತಕ ಹುಡುಕುವುದು ಕಷ್ಟವಾಗಲಿಲ್ಲ, ಅದು ನಮ್ಮ ಗುಂಪಿಗೆ ಬರುವ ಹೊತ್ತಿಗೆ 20 ವರ್ಷ ಹಳೆಯದಾಗಿತ್ತು. ಅಸಲಿ ಚಿತ್ರ 2000ನೇ ಇಸವಿಯದು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಹೈಡ್ ಪಾರ್ಕ್ ಎಂಬಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದವರು ಮ್ಯಾಸ್ಟೊಡಾನ್ ಎಂಬ ಪ್ರಾಣಿಯ ಮೂಳೆ ಅಗೆಯುತ್ತಿದ್ದಾಗ ಮೇಲಿನಿಂದ ತೆಗೆದದ್ದು. 2002ರಲ್ಲಿ ಚಿತ್ರ ತಿದ್ದುವ ಸ್ಪರ್ಧೆಯೊಂದಕ್ಕೆ ಕಲಾವಿದನೊಬ್ಬ ಅದರೊಳಗೆ ಮನುಷ್ಯನ ಅಸ್ಥಿಪಂಜರ ಕೂರಿಸಿದ. ಆಮೇಲೆ ಅದು ಒಂದೊಂದು ದೇಶದಲ್ಲಿ ಒಂದೊಂದು ಹೆಸರು ಪಡೆಯಿತು. ಕೆಲವು ಕಡೆ ಕುರಾನಿನಲ್ಲಿ ಬರುವ ಆದ್ ಜನಾಂಗದವನಾದ, ನಮ್ಮಲ್ಲಿ ಭೀಮನ ಮಗನಾದ. 2007ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್‌ನವರು ಇದೆಲ್ಲವನ್ನೂ ಬಿಡಿಸಿ ಬರೆದರು. ಫೋಟೊ ಮಾತ್ರ ಇನ್ನೂ ಸುಸ್ತಾಗಿಲ್ಲ.

ನಮಗೆ ಬೇಜಾರಾದದ್ದು ಸುಳ್ಳಿಗಿಂತ ಹೆಚ್ಚಾಗಿ, ಆ ಸುಳ್ಳಿನ ಕೆಳಗೆ ಹೂತುಹೋದ ನಿಜಕ್ಕೆ. ಮ್ಯಾಸ್ಟೊಡಾನ್ ಆನೆಯ ನೆಂಟ. ಸುಮಾರು 10,000 ವರ್ಷ ಹಿಂದಿನವರೆಗೂ ಅಮೆರಿಕದ ಕಾಡಿನಲ್ಲಿ ಓಡಾಡಿಕೊಂಡಿತ್ತು. ನಮ್ಮ ಬಂಡೀಪುರದ ಅಂಚಿನ ಊರುಗಳಲ್ಲಿ ರಾತ್ರಿಯೆಲ್ಲ ರಾಗಿ ಹೊಲ ಕಾಯುವವರಿಗೆ ಆನೆಯ ಕುಲದ ಕಥೆ ಘಟೋತ್ಕಚನ ಕಥೆಗಿಂತ ಹತ್ತಿರದ್ದಾಗಬೇಕಿತ್ತು.

ಇನ್ನೊಂದು ಲೆಕ್ಕವನ್ನೂ ಹೇಳುತ್ತೇವೆ, ಮುಂದೆ ಯಾರಾದರೂ ಈ ಫೋಟೊ ಕಳಿಸಿದರೆ ಬಳಸಿಕೊಳ್ಳಿ. ಆರಡಿ ಮನುಷ್ಯನನ್ನು ಹತ್ತು ಪಟ್ಟು ಎತ್ತರ ಮಾಡಿದರೆ ಅಗಲ ಮತ್ತು ದಪ್ಪವೂ ಹತ್ತು ಪಟ್ಟಾಗುತ್ತವೆ, ಹಾಗಾಗಿ ತೂಕ ಸಾವಿರ ಪಟ್ಟಾಗುತ್ತದೆ. ಕಾಲಿನ ಮೂಳೆಯನ್ನು ಅಡ್ಡ ಕತ್ತರಿಸಿ ನೋಡಿದರೆ ಅದರ ಗಾತ್ರ ಏರುವುದು ನೂರು ಪಟ್ಟು ಮಾತ್ರ. ಹತ್ತು ಮೂಟೆ ಹೊರುವ ಗಾಡಿಯ ಮೇಲೆ ನೂರು ಮೂಟೆ ಹೇರಿದ ಹಾಗೆ, ಎದ್ದು ನಿಂತ ಕೂಡಲೇ ಕಾಲು ಮುರಿಯುತ್ತದೆ. ಆನೆಯ ಕಾಲು ಜಿಂಕೆಯ ಕಾಲಿನಂತಿರದೆ ಕಂಬದಂತಿರುವುದು ಇದಕ್ಕೇ.

ಇದನ್ನೆಲ್ಲ ಮನೆಯಲ್ಲಿ ಮಾತಾಡುತ್ತಿದ್ದಾಗ ನಮ್ಮಲ್ಲೊಬ್ಬರ ಅಕ್ಕನ ಮಗಳು ಕೇಳಿದ ಪ್ರಶ್ನೆಯೇ ಈ ಬರಹಕ್ಕೆ ಕಾರಣ. ಹತ್ತನೇ ತರಗತಿಯ ಹುಡುಗಿ, ಸಿಬಿಎಸ್‌ಇ ಶಾಲೆಯೊಂದಕ್ಕೆ ದಿನಾ ವ್ಯಾನಿನಲ್ಲಿ ಹೋಗಿಬರುತ್ತಾಳೆ. “ಅದು ಸುಳ್ಳು ಸರಿ ಮಾಮ. ನಮ್ಮೂರಲ್ಲಿ ನಿಜವಾದ್ದು ಏನ್ ಸಿಗುತ್ತೆ?”

ಉತ್ತರ ಹುಡುಕಿಕೊಂಡು ಮೊದಲು ಹೋದದ್ದು ಒಂದು ಕಲ್ಲು ಕ್ವಾರಿಗೆ. ಅಲ್ಲಿ ಕೆಲಸ ಮಾಡುವ ಅಣ್ಣ ಒಂದು ಚೂರು ಎತ್ತಿಟ್ಟಿದ್ದರು. ಕಲ್ಲಿನ ಮೇಲೆ ಕಪ್ಪು ಬಣ್ಣದಲ್ಲಿ ಜರೀಗಿಡದಂಥ ಚಿತ್ರ, ಕಡ್ಡಿ, ಕವಲು, ಎಲೆ ಎಲ್ಲ ಇದ್ದಂತೆ ಕಾಣುತ್ತದೆ. “ನೋಡ್ರಪ್ಪ, ಕಲ್ಲೊಳಗ ಗಿಡ ಅದೆ” ಅಂದರು. ನೋಡಿದರೆ ಯಾರೂ ಹಾಗೇ ಅನ್ನಬೇಕು, ಅಷ್ಟು ಚೆನ್ನಾಗಿದೆ. ಆದರೆ ಅದು ಗಿಡವಲ್ಲ. ಕಲ್ಲಿನ ಬಿರುಕಿನಲ್ಲಿ ಮ್ಯಾಂಗನೀಸ್ ಮತ್ತು ಕಬ್ಬಿಣ ಕರಗಿದ ನೀರು ಇಳಿದು, ಆರಿ, ಕಲೆ ಬಿಟ್ಟದ್ದು. ಗಾಜಿನ ಮೇಲೆ ಮಂಜು ಕಟ್ಟಿದಾಗ ಎಲೆಯ ಆಕಾರ ಬರುತ್ತದಲ್ಲ, ಹಾಗೆ. ಇದನ್ನು ಡೆಂಡ್ರೈಟ್ ಅನ್ನುತ್ತಾರೆ. ಗುರುತಿಸುವುದು ಸುಲಭ. ಕಲೆ ಬಿರುಕಿನ ಮೈಮೇಲೆ ಮಾತ್ರ ಇರುತ್ತದೆ. ಎಲೆಯ ನಡುವೆ ಇರಬೇಕಾದ ದಿಂಡು ನರ ಇರುವುದಿಲ್ಲ, ಕವಲಿನ ಮೇಲೆ ಕವಲು ಒಡೆಯುತ್ತಲೇ ಹೋಗುತ್ತದೆ.

ನಮ್ಮ ಕಲ್ಲಿನಲ್ಲಿ ನಿಜವಾದ ಎಲೆ ಯಾಕಿಲ್ಲ ಅಂದರೆ, ಈ ಕಲ್ಲು ಹುಟ್ಟಿದಾಗ ಭೂಮಿಯ ಮೇಲೆ ಎಲೆಯೇ ಇರಲಿಲ್ಲ. ಹೊಲದ ಬದಿಗೆ ನೆಡುವ ಕಲ್ಲುಕಂಬ, ಜಗುಲಿಗೆ ಹಾಸುವ ಚಪ್ಪಡಿ, ಅದರಲ್ಲಿ ಕಪ್ಪು ಬಿಳಿ ಪಟ್ಟೆಗಳಿರುತ್ತವಲ್ಲ, ಅದು ನೈಸ್ ಎಂಬ ಜಾತಿಯ ಕಲ್ಲು. ಬೆಂಗಳೂರಿನ ಲಾಲ್‌ಬಾಗ್ ಬಂಡೆಯೂ ಇದೇ ಕುಲದ್ದು. ನಮ್ಮ ಪಕ್ಕದ ಸರಗೂರಿನ ಹೆಸರನ್ನೇ ಒಂದು ಶಿಲಾ ಗುಂಪಿಗೆ ಇಟ್ಟಿದ್ದಾರೆ, ಭೂವಿಜ್ಞಾನದ ಪುಸ್ತಕಗಳಲ್ಲಿ ಸರಗೂರು ಅಂದರೆ ಅದೇ. ಇವುಗಳ ವಯಸ್ಸು 300 ಕೋಟಿ ವರ್ಷದ ಆಸುಪಾಸು, ಕೆಲವು ಅದಕ್ಕೂ ಹಿರಿಯವು. ಸಾಲದ್ದಕ್ಕೆ ನೆಲದೊಳಗೆ ಹತ್ತಾರು ಕಿಲೋಮೀಟರ್ ಆಳಕ್ಕೆ ಇಳಿದು, ಆರೇಳುನೂರು ಡಿಗ್ರಿ ಶಾಖದಲ್ಲಿ ಬೆಂದು, ಹಿಂಡಿಸಿಕೊಂಡು ಮೇಲೆ ಬಂದಿವೆ. ಒಳಗೆ ಏನಾದರೂ ಸೂಕ್ಷ್ಮಜೀವಿಯ ಗುರುತು ಇದ್ದಿದ್ದರೂ ಆ ಒಲೆಯಲ್ಲಿ ಉಳಿಯುತ್ತಿರಲಿಲ್ಲ.

300 ಕೋಟಿ ಅಂದರೆ ತಲೆಗೆ ಹತ್ತುವುದಿಲ್ಲ. ಹುಡುಗಿಯ ನೂರು ಪುಟದ ನೋಟ್‌ಬುಕ್ ತೆಗೆದುಕೊಂಡು ನಾವು ಹೀಗೆ ಮಾಡಿದೆವು. ಭೂಮಿಯ ವಯಸ್ಸು ಸುಮಾರು 460 ಕೋಟಿ ವರ್ಷ, ಒಂದು ಪುಟಕ್ಕೆ 4.6 ಕೋಟಿ. ನಮ್ಮ ಹೊಲದ ಕಲ್ಲು 35ನೇ ಪುಟದಲ್ಲಿ ಬರುತ್ತದೆ. ಮೂಳೆ ಇರುವ ಮೊದಲ ಪ್ರಾಣಿಗಳ ಸುಳಿವು 89ನೇ ಪುಟ ಬರುವ ತನಕ ಇಲ್ಲ. ಡೈನೋಸಾರ್‌ಗಳ ಕಥೆ ಮುಗಿಯುವುದು 99ನೇ ಪುಟದಲ್ಲಿ. ನಮ್ಮಂಥ ಮನುಷ್ಯ ಬಂದು ಮೂರು ಲಕ್ಷ ವರ್ಷ, ಅಂದರೆ ನೂರನೇ ಪುಟದ ಕೊನೆಯ ಸಾಲಿನ ಕೊನೆಯ ಪದ. ಅವಳು ಪುಟಗಳ ಮೂಲೆಗೆ ನಂಬರ್ ಹಾಕಿ, 35 ಮತ್ತು 89ರ ನಡುವಿನ ದಪ್ಪವನ್ನು ಬೆರಳಲ್ಲಿ ಹಿಡಿದು ನೋಡಿದಳು. “ಇಷ್ಟ್ ದಿನ ಏನೂ ಇರ್ಲಿಲ್ವಾ?”

ಇತ್ತು. ಮೂಳೆ ಇರಲಿಲ್ಲ ಅಷ್ಟೆ. 44ನೇ ಪುಟದ ಸಾಕ್ಷಿ ನೋಡಬೇಕಾದರೆ ಚಿತ್ರದುರ್ಗದ ಕಡೆ ಹೋಗಬೇಕು. ಅಲ್ಲಿನ ಹಳೆಯ ಸುಣ್ಣಕಲ್ಲಿನ ಪದರಗಳಲ್ಲಿ ಎಲೆಕೋಸನ್ನು ಅಡ್ಡ ಕೊಯ್ದ ಹಾಗೆ ಸುತ್ತು ಸುತ್ತಾದ ಗುರುತುಗಳಿವೆ. ಇವು ಸ್ಟ್ರೊಮ್ಯಾಟೊಲೈಟ್‌ಗಳು. ಆಳವಿಲ್ಲದ ಸಮುದ್ರದ ನೀರಿನಲ್ಲಿ ಪಾಚಿಯಂತೆ ಹಬ್ಬಿದ ಸೂಕ್ಷ್ಮಜೀವಿಗಳು ಕಟ್ಟಿದ ಪದರ, ಅದರ ಮೇಲೆ ಮಣ್ಣು, ಮತ್ತೆ ಜೀವಿಗಳ ಪದರ. ವಯಸ್ಸು ಸುಮಾರು 260 ಕೋಟಿ ವರ್ಷ. ಕರ್ನಾಟಕದ ಅತಿ ಹಳೆಯ ಜೀವಿಗಳ ಗುರುತು ಇಂಥವೇ. ಈ ಬಗೆಯ ಜೀವಿಗಳಲ್ಲಿ ಕೆಲವು ಬಿಸಿಲು ಕುಡಿದು ಆಮ್ಲಜನಕ ಬಿಡಲು ಕಲಿತವು. ಸಮುದ್ರದ ನೀರಿನಲ್ಲಿ ಕರಗಿದ್ದ ಕಬ್ಬಿಣ ಆ ಆಮ್ಲಜನಕ ತಾಗಿ ತುಕ್ಕು ಹಿಡಿದು ತಳಕ್ಕೆ ಕೂತಿತು. ಸಂಡೂರು, ಬಾಬಾಬುಡನ್‌ಗಿರಿ, ಕುದುರೆಮುಖದ ಅದಿರು ಹೀಗೇ ಆದದ್ದು ಎನ್ನುವುದು ಹೆಚ್ಚಿನ ವಿಜ್ಞಾನಿಗಳ ವಿವರಣೆ. ಟ್ರ್ಯಾಕ್ಟರಿನ ನೇಗಿಲು ನೆಲ ಸೀಳುವಾಗ ಆ ಕಬ್ಬಿಣದ ಹಿಂದೆ ಈ ಪಾಚಿಯ ಉಸಿರಿದೆ.

ಪಳೆಯುಳಿಕೆ ಆಗುವುದು ಸುಲಭದ ಮಾತಲ್ಲ. ಊರಾಚೆ ಎಸೆದ ಸತ್ತ ದನ ನೆನಪಿಸಿಕೊಳ್ಳಿ. ನಾಯಿ, ಕಾಗೆ, ಇರುವೆ ಸೇರಿ ವಾರದೊಳಗೆ ಮುಗಿಸುತ್ತವೆ, ಮೂಳೆ ಬಿಸಿಲು ಮಳೆಗೆ ಕೆಲವು ವರ್ಷದಲ್ಲಿ ಪುಡಿಯಾಗುತ್ತದೆ. ಉಳಿಯಬೇಕಾದರೆ ಸತ್ತ ಕೂಡಲೇ ಮುಚ್ಚಿಹೋಗಬೇಕು, ಗಾಳಿ ತಾಗಬಾರದು. 2019ರ ಆಗಸ್ಟಿನಲ್ಲಿ ಕಪಿಲೆ ಉಕ್ಕಿ ಮಲ್ಲನಮೂಲೆ ಮಠದ ಹತ್ತಿರ ಮೈಸೂರು ರಸ್ತೆಯೇ ಮುಳುಗಿತ್ತಲ್ಲ. ಇಂಥ ನೆರೆ ಇಳಿದ ಮೇಲೆ ಗದ್ದೆಯಲ್ಲಿ ಬೆರಳುದ್ದ ಮೆಕ್ಕಲು ಕೂರುತ್ತದೆ, ಅದರೊಳಗೆ ಮೀನು, ಬಸವನಹುಳು, ಎಲೆ ಸಿಕ್ಕಿಕೊಳ್ಳುತ್ತವೆ. ಅದೇ ಮೊದಲ ಹೆಜ್ಜೆ. ಅದರ ಮೇಲೆ ಸಾವಿರಾರು ನೆರೆಯ ಮಣ್ಣು ಬಿದ್ದು, ನೀರಿನಲ್ಲಿ ಕರಗಿದ ಖನಿಜ ನಿಧಾನವಾಗಿ ಮೂಳೆಯ ಸಂದುಗಳಲ್ಲಿ ತುಂಬಿಕೊಂಡು, ಆಕಾರ ಉಳಿದು ವಸ್ತು ಬದಲಾಗಬೇಕು. ತಲಕಾಡಿನಲ್ಲಿ ಮರಳು ದೇವಸ್ಥಾನಗಳನ್ನು ನುಂಗಿ, ನುಂಗಿದ್ದರಿಂದಲೇ ಉಳಿಸಿದ ಹಾಗೆ. ಕೋಟಿ ಜೀವಿಗಳಲ್ಲಿ ಒಂದೆರಡಕ್ಕೆ ಈ ಭಾಗ್ಯ. ಹಾಗಾಗಿ ಪಳೆಯುಳಿಕೆಯ ದಾಖಲೆಯಲ್ಲಿ ಸಂದುಗಳಿರುವುದು ಆಶ್ಚರ್ಯವಲ್ಲ, ಇಷ್ಟಾದರೂ ಸಿಕ್ಕಿದೆಯಲ್ಲ ಅನ್ನುವುದೇ ಆಶ್ಚರ್ಯ.

ನೆಲದೊಳಗಿಲ್ಲ ಅಂದೆವು. ಆದರೆ ನಂಜನಗೂಡಿನಲ್ಲಿ ಪಳೆಯುಳಿಕೆಗಳಿವೆ, ನೂರಾರು ವರ್ಷದಿಂದ ಇವೆ, ದಿನಾ ಅಭಿಷೇಕವನ್ನೂ ಮಾಡಿಸಿಕೊಳ್ಳುತ್ತಿವೆ. ದೇವರ ಮನೆಯಲ್ಲಿ ಇರುವ ಸಾಲಿಗ್ರಾಮದ ಮಾತು ಇದು.

ಒಂದು ಮನೆಯ ಹಿರಿಯರು ತೋರಿಸಲು ಒಪ್ಪಿದರು. ನಾವು ಮಡಿಯಲ್ಲಿರಲಿಲ್ಲ, ಬಾಗಿಲಲ್ಲೇ ನಿಂತೆವು. ಅವರು ತಟ್ಟೆಯಲ್ಲಿಟ್ಟು ಬೆಳಕಿಗೆ ಹಿಡಿದರು. ಕರಿ ಉಂಡೆಕಲ್ಲು, ಒಂದು ಬದಿ ಒಡೆದು ಬಾಯಿ ತೆರೆದಂತಿದೆ, ಒಳಗೆ ಸುರುಳಿ, ಸುರುಳಿಯ ಮೇಲೆ ಗೆರೆಗೆರೆ. ನೇಪಾಳದ ಗಂಡಕಿ ನದಿಯದು, ಅವರ ಮುತ್ತಜ್ಜನ ಕಾಲದಿಂದ ಮನೆಯಲ್ಲಿದೆ.

ಆ ಸುರುಳಿ ಅಮೊನೈಟ್ ಎಂಬ ಸಮುದ್ರಜೀವಿಯ ಚಿಪ್ಪು. ಈಗಿನ ಆಕ್ಟೋಪಸ್, ಕರಾವಳಿಯ ಜನ ತಿನ್ನುವ ಬೊಂಡಾಸ್, ಇವುಗಳ ಕುಟುಂಬದ್ದು. ಚಿಪ್ಪಿನೊಳಗೆ ಕೋಣೆ ಕೋಣೆಗಳು. ಹುಳು ದೊಡ್ಡದಾದಂತೆ ಹಿಂದಿನ ಕೋಣೆ ಮುಚ್ಚಿ ಮುಂದಿನದಕ್ಕೆ ಬರುತ್ತಿತ್ತು, ಖಾಲಿ ಕೋಣೆಗಳಲ್ಲಿ ಗಾಳಿ ತುಂಬಿಸಿಕೊಂಡು ತೇಲುತ್ತಿತ್ತು. ಗಂಡಕಿಯ ಸಾಲಿಗ್ರಾಮಗಳು ಸುಮಾರು 15 ಕೋಟಿ ವರ್ಷ ಹಳೆಯವು, ನೋಟ್‌ಬುಕ್ಕಿನಲ್ಲಿ 97ನೇ ಪುಟ. ಆಗ ಹಿಮಾಲಯ ಇರಲಿಲ್ಲ, ಆ ಜಾಗದಲ್ಲಿ ಟೆಥಿಸ್ ಎಂಬ ಸಮುದ್ರವಿತ್ತು. ನಮ್ಮ ನೆಲ ಕೆಳಗಿನಿಂದ ತೇಲಿ ಹೋಗಿ ಏಷ್ಯಾಕ್ಕೆ ಗುದ್ದಿದ್ದು ಸುಮಾರು 5 ಕೋಟಿ ವರ್ಷ ಹಿಂದೆ. ಸಮುದ್ರದ ತಳ ಮಡಿಸಿಕೊಂಡು ಮೇಲೆದ್ದು ಬೆಟ್ಟವಾಯಿತು. ಆ ಬೆಟ್ಟವನ್ನು ನದಿ ಕೊರೆಯುತ್ತಿದೆ, ಕಲ್ಲು ಉರುಳಿ ಬರುತ್ತಿದೆ, ಅದರಲ್ಲಿ ಒಂದು ಉರುಳಿಕೊಂಡು ಕಪಿಲೆಯ ದಡಕ್ಕೆ ಬಂದಿದೆ.

ಇದನ್ನು ಹೇಗೆ ಹೇಳುವುದು, ಅವರಿಗೆ ನೋವಾಗುತ್ತದೇನೋ ಅಂತ ನಾವು ಹಿಂಜರಿಯುತ್ತಿದ್ದೆವು. ಹೇಳಿದ ಮೇಲೆ ಅವರು ನಕ್ಕರು. “ನಮ್ಮಲ್ಲೂ ಹಾಗೇ ಹೇಳೋದು. ವಜ್ರಕೀಟ ಅಂತ ಒಂದು ಹುಳ, ಕಲ್ಲಿನೊಳಗೆ ಸೇರ್ಕೊಂಡು ಈ ಚಕ್ರ ಕೊರೀತು ಅಂತ. ಒಳಗೊಂದು ಜೀವ ಇತ್ತು ಅನ್ನೋದು ನಮಗೆ ಹೊಸದಲ್ಲ. ಎಷ್ಟು ಹಳೇದು ಅಂದ್ರಿ?” ಹದಿನೈದು ಕೋಟಿ ಅಂದೆವು. ಅವರು ಕಲ್ಲನ್ನು ಸ್ವಲ್ಪ ಹೊತ್ತು ನೋಡಿ, ಒರೆಸಿ, ಸಂಪುಟದಲ್ಲಿಟ್ಟರು. ಪೂಜೆ ನಿಲ್ಲಿಸುವ ಮಾತೂ ಬರಲಿಲ್ಲ, ವಿಜ್ಞಾನ ಸುಳ್ಳು ಎನ್ನುವ ಮಾತೂ ಬರಲಿಲ್ಲ. ನಮ್ಮ ಊಹೆಗಿಂತ ಅವರು ಆರಾಮಾಗಿದ್ದರು.

ಅಮೊನೈಟ್ ನೋಡಲು ನೇಪಾಳಕ್ಕೇ ಹೋಗಬೇಕೆಂದಿಲ್ಲ. ನಮ್ಮ ಸಂಗಮದಲ್ಲಿ ಕೂಡಿದ ನೀರು ಕೆಳಗೆ ತಿರುಚ್ಚಿ ದಾಟುತ್ತದಲ್ಲ, ಅಲ್ಲೇ ಬಡಗಣಕ್ಕಿರುವ ಅರಿಯಲೂರಿನ ಸುಣ್ಣಕಲ್ಲು ಗಣಿಗಳಲ್ಲಿ ಬೇಕಾದಷ್ಟಿವೆ. ಹತ್ತು ಕೋಟಿ ವರ್ಷ ಹಿಂದೆ ಸಮುದ್ರ ಅಲ್ಲಿಯತನಕ ಒಳಗೆ ಬಂದಿತ್ತು. ಈಗ ಆ ಚಿಪ್ಪು ತುಂಬಿದ ಸುಣ್ಣಕಲ್ಲು ಸಿಮೆಂಟ್ ಆಗುತ್ತದೆ.

ಈ ಕಥೆಯಲ್ಲಿ ನಮಗೆ ನಿಜವಾಗಿ ಸಿಟ್ಟು ಬಂದದ್ದು ಒಂದೇ ಕಡೆ. ಹುಡುಗಿಗೆ ಸಾಲಿಗ್ರಾಮದ ಮಾತು ಹೇಳಿದಾಗ ಅವಳು, ಅಮೊನೈಟ್ ಹೆಸರೇ ಕೇಳಿಲ್ಲ ಅಂದಳು. ಅವಳ ದೊಡ್ಡಮ್ಮನ ಮಗ ಕೆಲವು ವರ್ಷ ಹಿಂದೆ ಓದಿದ ಹತ್ತನೇ ತರಗತಿಯ ಎನ್‌ಸಿಇಆರ್‌ಟಿ ವಿಜ್ಞಾನ ಪುಸ್ತಕ ಅಟ್ಟದ ಮೇಲಿತ್ತು. ‘ಅನುವಂಶೀಯತೆ ಮತ್ತು ಜೀವವಿಕಾಸ’ ಎಂಬ ಅಧ್ಯಾಯದಲ್ಲಿ ಪಳೆಯುಳಿಕೆಗಳ ಚಿತ್ರವಿದೆ: ಅಮೊನೈಟ್, ಟ್ರೈಲೋಬೈಟ್, ಒಂದು ಮೀನು, ನರ್ಮದಾ ಕಣಿವೆಯ ರಾಜಾಸಾರಸ್ ಡೈನೋಸಾರ್‌ನ ತಲೆಬುರುಡೆ. ಅವಳ ಪುಸ್ತಕದಲ್ಲಿ ಅಧ್ಯಾಯದ ಹೆಸರು ‘ಅನುವಂಶೀಯತೆ’ ಅಷ್ಟೇ. ಕೊರೊನಾ ಕಾಲದಲ್ಲಿ ಪಾಠದ ಹೊರೆ ಇಳಿಸುತ್ತೇವೆಂದು ತೆಗೆದ ವಿಕಾಸದ ಭಾಗ, 2023ರಲ್ಲಿ ಬಂದ ಪುಸ್ತಕಕ್ಕೂ ವಾಪಸಾಗಲಿಲ್ಲ. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಮಾಡಿ ವಿರೋಧಿಸಿದರು. ಹನ್ನೆರಡನೇ ತರಗತಿಯ ಜೀವಶಾಸ್ತ್ರದಲ್ಲಿ ಇದೆಯಲ್ಲ ಎಂಬ ಉತ್ತರ ಬಂತು. ಇದೆ, ನಿಜ. ಆದರೆ ನಮ್ಮ ಊರುಗಳಲ್ಲಿ ಹತ್ತರ ಮೇಲೆ ಎಷ್ಟು ಜನ ಜೀವಶಾಸ್ತ್ರ ತಗೊಳ್ಳುತ್ತಾರೆ? ಈ ಹುಡುಗಿಗೆ ಕಾಮರ್ಸ್ ಓದುವ ಆಸೆ. ಆ ಪುಟ ಅವಳಿಗೆ ಶಾಲೆಯಲ್ಲಿ ಸಿಗುವುದೇ ಇಲ್ಲ. ಘಟೋತ್ಕಚನ ಫೋಟೊ ಮಾತ್ರ ಅವಳ ಫೋನಿಗೆ ಎರಡು ಸಲ ಬಂದಿದೆ.

ನರಸೀಪುರದಲ್ಲಿ ಇನ್ನೊಂದು ಮಾತು ಎದ್ದಿತು. ಗುಂಜಾ ನರಸಿಂಹನ ಗುಡಿಯ ಹತ್ತಿರ ಟೀ ಕುಡಿಯುತ್ತಾ ವಿಕಾಸದ ವಿಷಯ ತೆಗೆದರೆ ಒಬ್ಬರು ಕೂಡಲೇ, “ಅದೆಲ್ಲ ನಮ್ಮ ದಶಾವತಾರದಲ್ಲೇ ಅದೆ ಕಣಪ್ಪ. ಮೊದ್ಲು ಮೀನು, ಆಮೇಲೆ ಆಮೆ, ಹಂದಿ, ಅರ್ಧ ಪ್ರಾಣಿ ಅರ್ಧ ಮನುಷ್ಯ ನರಸಿಂಹ” ಅಂದರು. ಸಾಲು ಕೇಳಲು ಸೊಗಸಾಗಿದೆ. ಆದರೆ ಪಳೆಯುಳಿಕೆಗಳು ಹೇಳುವುದು ಸಾಲಿನ ಕಥೆಯಲ್ಲ, ಆಲದ ಮರದ ಕಥೆ. ಮೀನು ಹೋಗಿ ಆಮೆ ಬಂತು ಅಂತಲ್ಲ. ಒಂದು ಹಳೆಯ ಮೀನಿನ ಕುಲದಿಂದ ಒಂದು ಕೊಂಬೆ ನೆಲಕ್ಕೆ ಬಂತು, ಉಳಿದ ಕೊಂಬೆಗಳು ನೀರಲ್ಲೇ ಬೆಳೆದವು, ಅದಕ್ಕೇ ಕಾವೇರಿಯಲ್ಲಿ ಇವತ್ತೂ ಬಲೆ ಬೀಸಿದರೆ ಮೀನು ಬೀಳುತ್ತದೆ. ಕೊಂಬೆ ಹಿಂದಕ್ಕೂ ಬಾಗುತ್ತದೆ. ತಿಮಿಂಗಿಲವನ್ನೇ ನೋಡಿ.

ಕಾಶ್ಮೀರದ ಕಾಲಾಕೋಟ್ ಎಂಬಲ್ಲಿ ಎ. ರಂಗರಾವ್ ಎಂಬ ಭೂವಿಜ್ಞಾನಿ ಕಲ್ಲುಗಳನ್ನು ಕೂಡಿಟ್ಟಿದ್ದರು. ಅದರಲ್ಲಿ ಸಿಕ್ಕ ಒಂದು ಚಿಕ್ಕ ಪ್ರಾಣಿಗೆ 1971ರಲ್ಲಿ ಇಂಡೊಹ್ಯೂಸ್ ಎಂಬ ಹೆಸರಿಟ್ಟರು. ಜಿಂಕೆ ಮರಿಯಂಥ ಸಣ್ಣ ಕಾಲು, ಉದ್ದ ಬಾಲ, ಬೆಕ್ಕಿಗಿಂತ ಒಂದಿಷ್ಟು ದೊಡ್ಡ ಮೈ. ಅವರು ತೀರಿಕೊಂಡ ಮೇಲೆ ಉಳಿದ ಕಲ್ಲುಗಳನ್ನು ಅವರ ಹೆಂಡತಿ ಹಾನ್ಸ್ ತೆವಿಸನ್ ಎಂಬ ವಿಜ್ಞಾನಿಗೆ ಕೊಟ್ಟರು. ಬಿಡಿಸುತ್ತಿದ್ದಾಗ ಕೈತಪ್ಪಿ ಒಂದು ತಲೆಬುರುಡೆ ಒಡೆಯಿತು, ಒಳಗೆ ಕಿವಿಯ ಮೂಳೆ ಕಂಡಿತು. ಅಂಥ ದಪ್ಪ ಗೋಡೆಯ ಕಿವಿಮೂಳೆ ಇರುವುದು ತಿಮಿಂಗಿಲಗಳಿಗೆ. 2007ರಲ್ಲಿ ಇದು ಪ್ರಕಟವಾಯಿತು. 4.8 ಕೋಟಿ ವರ್ಷ ಹಿಂದಿನ, ಗೊರಸಿನ, ನೀರಿಗಿಳಿದು ಅವಿತುಕೊಳ್ಳುತ್ತಿದ್ದ ಒಂದು ಪ್ರಾಣಿಯ ನೆಂಟರೇ ಮುಂದೆ ಸಮುದ್ರ ಸೇರಿದರು. ಕಛ್‌ನಲ್ಲಿ ಕಾಲಿದ್ದ ಹಳೆಯ ತಿಮಿಂಗಿಲಗಳ ಮೂಳೆಗಳೂ ಸಿಕ್ಕಿವೆ. ತಿಮಿಂಗಿಲಕ್ಕೆ ಈಗ ಬದುಕಿರುವವರಲ್ಲಿ ಹತ್ತಿರದ ಬಂಧು ನೀರಾನೆ, ಅದರಾಚೆಗೆ ದನ, ಜಿಂಕೆ. ಮೀನಿಗಿಂತ ನಿಮ್ಮ ಕೊಟ್ಟಿಗೆಯ ಹಸುವೇ ತಿಮಿಂಗಿಲಕ್ಕೆ ಹತ್ತಿರ. ಇದನ್ನು ಕೇಳಿ ಆ ಟೀ ಅಂಗಡಿಯಲ್ಲಿ ಎಲ್ಲರೂ ನಕ್ಕರು, ಆದರೆ ಒಬ್ಬರು ಮತ್ತೆ ಮತ್ತೆ ಕೇಳಿ ಬರೆಸಿಕೊಂಡರು.

ನಂಜನಗೂಡು ಅಂದ ಮೇಲೆ ರಸಬಾಳೆ ಬಿಡುವ ಹಾಗಿಲ್ಲ. ಪಳೆಯುಳಿಕೆಗೂ ರಸಬಾಳೆಗೂ ಏನು ಸಂಬಂಧ ಅಂದರೆ, ಬಾಳೆಗೂ ಪಳೆಯುಳಿಕೆ ಇದೆ.

ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯ ಮೊಹಗಾಂವ್‌ಕಲಾನ್ ಎಂಬ ಊರಿನ ಹತ್ತಿರ ಲಾವಾ ಪದರಗಳ ನಡುವೆ ಹಳೆಯ ಕೆರೆಗಳ ಮಣ್ಣಿದೆ. ಸುಮಾರು 6.6 ಕೋಟಿ ವರ್ಷ ಹಿಂದೆ ದಖ್ಖನ್ ನೆಲದಲ್ಲಿ ಬಿರುಕುಗಳಿಂದ ಲಾವಾ ಉಕ್ಕಿ ಹರಿಯುತ್ತಿತ್ತು. ನಮ್ಮ ರಾಜ್ಯದ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆಯ ಎರೆಮಣ್ಣು ಆ ಲಾವಾ ಕಲ್ಲು ಕೊಳೆತು ಆದದ್ದೇ. ಒಂದು ಸಲ ಹರಿದು ಮುಂದಿನ ಸಲ ಹರಿಯುವ ತನಕ ಸಾವಿರಾರು ವರ್ಷದ ಬಿಡುವು. ಆ ಬಿಡುವಿನಲ್ಲಿ ಕೆರೆಯಾಯಿತು, ಕಾಡಾಯಿತು. ಬಿದ್ದ ಹಣ್ಣು, ಕಾಯಿ, ಕಾಂಡದೊಳಗೆ ಸಿಲಿಕಾ ಕರಗಿದ ನೀರು ಸೇರಿ ಅವು ಬೆಣಚುಕಲ್ಲಿನಂತಾದವು. ಅಲ್ಲಿ ಸಿಕ್ಕ ಒಂದು ಹಣ್ಣನ್ನು ಆರ್. ಕೆ. ಜೈನ್ ಎಂಬ ಸಸ್ಯವಿಜ್ಞಾನಿ 1960ರ ದಶಕದಲ್ಲಿ ಬಾಳೆಯೆಂದು ಗುರುತಿಸಿ ‘ಮೂಸಾ ಕಾರ್ಡಿಯೊಸ್ಪರ್ಮಾ’ ಎಂದು ಹೆಸರಿಟ್ಟರು. ಮೂಸಾ ಅಂದರೆ ಬಾಳೆಯ ಕುಲ. ಆ ಹಣ್ಣಿನ ತುಂಬ ಬೀಜ.

ದಖ್ಖನ್ ಪದರಗಳ ಗಿಡಮರಗಳ ಅಧ್ಯಯನಕ್ಕೆ ದಾರಿ ಹಾಕಿದವರು ಬೀರಬಲ್ ಸಾಹ್ನಿ. ಲಕ್ನೋದಲ್ಲಿ ಪಳೆಯುಳಿಕೆ ಸಸ್ಯಗಳಿಗಾಗಿಯೇ ಒಂದು ಸಂಸ್ಥೆ ಕಟ್ಟಿದರು. 1949ರ ಏಪ್ರಿಲ್ 3ರಂದು ನೆಹರೂ ಅದಕ್ಕೆ ಅಡಿಗಲ್ಲಿಟ್ಟರು. ಆ ಅಡಿಗಲ್ಲಿನಲ್ಲೇ ದೇಶದೇಶಗಳ ಪಳೆಯುಳಿಕೆಗಳನ್ನು ಕೂರಿಸಿದ್ದರು. ಒಂದೇ ವಾರದಲ್ಲಿ ಸಾಹ್ನಿ ತೀರಿಕೊಂಡರು. ಸಂಸ್ಥೆ ಈಗಲೂ ಅವರ ಹೆಸರಿನಲ್ಲಿದೆ.

ಮಲೆನಾಡಿನಲ್ಲಿ ಬಂಡೆ ಸಂದಿನಲ್ಲಿ ಬೆಳೆಯುವ ಕಲ್ಲುಬಾಳೆ ಕೆಲವರು ನೋಡಿರಬಹುದು, ಕಡಲೆಗಿಂತ ದೊಡ್ಡ ಗಟ್ಟಿ ಬೀಜದ್ದು. ಅದು ಎನ್ಸೆಟೆ ಎಂಬ ಕುಲ, ಬಾಳೆಯ ಅಣ್ಣತಮ್ಮ. ಅದೇ ಕುಲದ ಬೀಜಗಳು ಅಮೆರಿಕದ ಆರೆಗನ್ ರಾಜ್ಯದಲ್ಲಿ 4 ಕೋಟಿ ವರ್ಷಕ್ಕೂ ಹಳೆಯ ಕಲ್ಲಿನಲ್ಲಿ ಸಿಕ್ಕಿವೆ. ಈಗ ಆ ಖಂಡದಲ್ಲಿ ಕಾಡುಬಾಳೆಯೇ ಇಲ್ಲ, ಚಳಿಗೆ ಬದುಕುವುದಿಲ್ಲ. ಅಂದರೆ ಒಂದು ಕಾಲದಲ್ಲಿ ಅಲ್ಲಿ ನಮ್ಮ ಮಲೆನಾಡಿನಂಥ ಹವೆ ಇತ್ತು, ಬಾಳೆಯ ಕುಟುಂಬ ಅಷ್ಟು ದೂರ ಹಬ್ಬಿತ್ತು. ಹಬ್ಬಲು ಸಾಧ್ಯವಾದದ್ದು ಬೀಜದಿಂದ. ಬೀಜ ಅಂದರೆ ಪ್ರತಿ ಸಲವೂ ಹೊಸ ಬೆರಕೆ. ಒಂದಕ್ಕೆ ಚಳಿ ತಡೆಯುವ ಶಕ್ತಿ, ಇನ್ನೊಂದಕ್ಕೆ ರೋಗ ತಡೆಯುವ ಶಕ್ತಿ. ಬೆರಕೆಯಲ್ಲಿ ಕಾಲಕ್ಕೆ ಹೊಂದಿದ್ದು ಉಳಿದು ಮರಿ ಮಾಡುತ್ತದೆ. ಜೀವವಿಕಾಸ ಅಂದರೆ ಅದೇ.

ನಮ್ಮ ರಸಬಾಳೆಯಲ್ಲಿ ಬೀಜವಿಲ್ಲ. ಎರಡು ಕಾಡುಬಾಳೆಗಳು ಬೆರೆತು ಹುಟ್ಟಿದ, ಬೀಜ ಕಟ್ಟಲಾರದ ಬಾಳೆಗಳನ್ನು ಮನುಷ್ಯ ಆರಿಸಿಕೊಂಡ, ತಿನ್ನಲು ಸುಖವಾದ್ದರಿಂದ. ಅಂದಿನಿಂದ ಕಂದು ಕಿತ್ತು ನೆಡುತ್ತಿದ್ದೇವೆ. ಕಂದು ತಾಯಿಯ ತದ್ರೂಪ. ದೇವರಸನಹಳ್ಳಿ ಕಡೆಯ ತೋಟಗಳಿಂದ ರಸಬಾಳೆ ಕಡಿಮೆಯಾಗುತ್ತಾ ಬಂದದ್ದಕ್ಕೆ ದೊಡ್ಡ ಕಾರಣ ಪನಾಮ ಸೊರಗು ರೋಗ. ಮಣ್ಣಿನಲ್ಲಿರುವ ಶಿಲೀಂಧ್ರ ಬೇರಿನಿಂದ ಹತ್ತಿ, ಎಲೆ ಹಳದಿಯಾಗಿ ಜೋತು, ದಿಂಡು ಸೀಳುತ್ತದೆ. ಗಿಡ ಕಿತ್ತರೂ ಮಣ್ಣಿನಲ್ಲಿ ಹತ್ತಾರು ವರ್ಷ ಕಾದು ಕೂರುತ್ತದೆ. ರೈತರೊಬ್ಬರು ನಮಗೆ ಹೇಳಿದ್ದು: “ಒಂದ್ ಗಿಡಕ್ಕ ಬಂದ್ರ ತೋಟಕ್ಕೇ ಬಂದಂಗ ಲೆಕ್ಕ. ಎಲ್ಲಾ ಒಂದೇ ಗಿಡ ತಾನೆ?” ವಿಜ್ಞಾನಿಗಳು ಹೇಳುವುದೂ ಇದನ್ನೇ. ಮಧ್ಯ ಅಮೆರಿಕದಲ್ಲಿ ರಫ್ತಿಗೆ ಬೆಳೆಯುತ್ತಿದ್ದ ಗ್ರೋ ಮಿಶೆಲ್ ಎಂಬ ಬಾಳೆಯನ್ನೂ ಕಳೆದ ಶತಮಾನದಲ್ಲಿ ಇದೇ ರೋಗ ಮಾರುಕಟ್ಟೆಯಿಂದ ಓಡಿಸಿತು. ಭೌಗೋಳಿಕ ಗುರುತಿನ ಪಟ್ಟ ರಸಬಾಳೆಗೆ ಹೆಸರು ಉಳಿಸಬಹುದು, ಶಿಲೀಂಧ್ರದಿಂದ ಕಾಯುವುದಿಲ್ಲ. ರೋಗವಿಲ್ಲದ ಅಂಗಾಂಶ ಕೃಷಿ ಸಸಿ ತಂದರೂ ಅದೂ ತದ್ರೂಪವೇ, ರೋಗವಿರುವ ಮಣ್ಣಿಗಿಟ್ಟರೆ ಮತ್ತದೇ ಪಾಡು. ಹಾಗಾಗಿ ಬೀಜ ತುಂಬಿದ, ತಿನ್ನಲು ಬಾರದ ಕಾಡುಬಾಳೆಗಳು ಉಳಿದಿರುವುದು ನಮಗೆ ಮುಖ್ಯ. ರೋಗ ತಡೆಯುವ ಗುಣವನ್ನು ತಳಿ ತಜ್ಞರು ಹುಡುಕುವುದು ಅಲ್ಲೇ.

ಹುಡುಗಿಯ ಪ್ರಶ್ನೆಗೆ ನೇರ ಉತ್ತರವೂ ಒಂದಿದೆ. ನರಸೀಪುರದಲ್ಲಿ ಮೂಳೆ ಸಿಕ್ಕಿವೆ. ಭಿಕ್ಷೇಶ್ವರ ಗುಡಿಯ ಆಸುಪಾಸಿನಲ್ಲಿ, ಕಾವೇರಿಯ ದಡದಲ್ಲಿ, 1960ರ ದಶಕದ ಮೊದಲ ಭಾಗದಲ್ಲಿ ಪ್ರೊ. ಎಂ. ಶೇಷಾದ್ರಿ ಅಗೆಸಿದಾಗ ನವಶಿಲಾಯುಗದ ನೆಲೆ ಬೆಳಕಿಗೆ ಬಂತು. ಉಜ್ಜಿ ನಯ ಮಾಡಿದ ಕಲ್ಲಿನ ಕೊಡಲಿ, ಬೂದು ಬಣ್ಣದ ಮಡಕೆ, ಮಣ್ಣಿನ ತಲೆದಿಂಬು, ಮಡಕೆಗಳ ಜೊತೆ ಹೂತ ಮನುಷ್ಯರ ಅಸ್ಥಿಪಂಜರ. 1971ರಲ್ಲಿ ವರದಿ ಅಚ್ಚಾಯಿತು. ಸುಮಾರು 3,500 ವರ್ಷ ಹಿಂದಿನವರು, ನಮ್ಮಷ್ಟೇ ಎತ್ತರದವರು, ಸಾಧಾರಣ ಜನ. ಇದು ಪಳೆಯುಳಿಕೆ ಅಲ್ಲ, ಮೂಳೆ ಇನ್ನೂ ಮೂಳೆಯಾಗಿಯೇ ಇತ್ತು. ನೋಟ್‌ಬುಕ್ಕಿನ ನೂರನೇ ಪುಟದ ಕೊನೆಯ ಚುಕ್ಕಿಯೊಳಗೆ ಅವರೂ ಇದ್ದಾರೆ, ನಾವೂ ಇದ್ದೇವೆ. ಸಂಗಮದ ಹತ್ತಿರ ನಿಜವಾಗಿ ಸಿಕ್ಕವರು ಇವರು. ಇವರ ಫೋಟೊ ಮಾತ್ರ ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಕೊನೆಗೆ ಒಂದು ಕೋರಿಕೆ. ಬಾವಿ, ಪಾಯ, ಕೃಷಿಹೊಂಡ ತೋಡುವಾಗ ಹಳೆ ಮಡಕೆ ಚೂರು, ಮೂಳೆ, ಅಥವಾ ನಯವಾದ ಕೊಡಲಿಯಾಕಾರದ ಕರಿಕಲ್ಲು ಕಂಡರೆ (ಸಿಡಿಲ ಕಲ್ಲು ಅಂತ ಮರದ ಬುಡದಲ್ಲಿಟ್ಟು ಪೂಜಿಸುವವೂ ಎಷ್ಟೋ ಸಲ ಇವೇ) ತೊಳೆಯಬೇಡಿ, ಒಡೆಯಬೇಡಿ. ಇದ್ದ ಜಾಗದಲ್ಲೇ ಪಕ್ಕಕ್ಕೆ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೊ ತೆಗೆಯಿರಿ, ಸುತ್ತಲಿನ ಮಣ್ಣೂ ಕಾಣುವಂತೆ ಇನ್ನೊಂದು ತೆಗೆಯಿರಿ, ಎಷ್ಟು ಅಡಿ ಆಳ ಅಂತ ಬರೆದಿಡಿ. ಮೈಸೂರಿನ ಪುರಾತತ್ವ ಇಲಾಖೆಗೆ ಹೇಳಬಹುದು. ನಮಗೂ ಕಳಿಸಬಹುದು, ನೋಡಿ ಗೊತ್ತಿರುವವರನ್ನು ಕೇಳಿ ತಿಳಿಸುತ್ತೇವೆ. ಕ್ವಾರಿಯ ಅಣ್ಣ ಆ ಡೆಂಡ್ರೈಟ್ ಕಲ್ಲನ್ನು ಹುಡುಗಿಗೇ ಕೊಟ್ಟರು. ಅವಳು ಅದಕ್ಕೆ ಚೀಟಿ ಅಂಟಿಸಿದ್ದಾಳೆ: ಗಿಡ ಅಲ್ಲ, ಮ್ಯಾಂಗನೀಸ್, 35ನೇ ಪುಟ. ಕಲೆ ಕಲ್ಲಿಗಿಂತ ಎಷ್ಟೋ ಚಿಕ್ಕ ವಯಸ್ಸಿನದು ಅಂತ ಹೇಳಿದ ಮೇಲೆ 35ನ್ನು ಹೊಡೆದು, ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿದ್ದಾಳೆ.